ರಕ್ಷಣಾ ಉದ್ಯಮ, ಆರ್ಥಿಕ ಸುಧಾರಣೆ ಮತ್ತು ವಿದೇಶಿ ಬಂಡವಾಳ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸೈನ್ಯಕ್ಕೆ ಆಳುಗಳನ್ನು ಕಳುಹಿಸುವುದರಲ್ಲಿ ಕೊಡಗಿಗೆ ಹಳೆಯ ಹೆಸರಿದೆ. ಆ ಸೈನ್ಯದ ಕೈಗೆ ಆಯುಧ ಎಲ್ಲಿಂದ ಬರುತ್ತದೆ, ಅದನ್ನು ತಯಾರಿಸುವ ಕಾರ್ಖಾನೆಯ ಒಡೆತನ ಯಾರದು, ಹೊರದೇಶದ ಹಣ ಅದರಲ್ಲಿ ಎಷ್ಟಿರಬಹುದು ಎಂಬ ಚರ್ಚೆ ಮಾತ್ರ ಇಲ್ಲಿ ಬಹುತೇಕ ಪತ್ರಿಕೆಯ ತಲೆಬರಹದಲ್ಲೇ ನಿಂತುಬಿಡುತ್ತದೆ. ಮಾಜಿ ಸೈನಿಕರು, ಬೆಳೆಗಾರರು ಮತ್ತು ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳ ತಂದೆತಾಯಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ.

ವಿದೇಶಿ ಬಂಡವಾಳ ಎಂದರೆ ಹೊರದೇಶದಿಂದ ಆಯುಧ ಕೊಳ್ಳುವುದೇ?

ಅಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನೊಡನೆ 36 ರಫೇಲ್ ವಿಮಾನಗಳಿಗಾಗಿ ಮಾಡಿಕೊಂಡದ್ದು ಖರೀದಿ. ಅಲ್ಲಿ ಹಣ ಇಲ್ಲಿಂದ ಹೊರಗೆ ಹೋಗುತ್ತದೆ, ವಿಮಾನ ಒಳಗೆ ಬರುತ್ತದೆ. ನೇರ ಹೂಡಿಕೆಯಲ್ಲಿ ಹೊರದೇಶದ ಕಂಪನಿ ಭಾರತದಲ್ಲಿ ನೋಂದಾಯಿತವಾದ ಕಂಪನಿಯೊಂದರ ಷೇರು ಪಾಲನ್ನು ಹೊಂದಿ, ಇಲ್ಲಿಯೇ ಕಾರ್ಖಾನೆ ಕಟ್ಟಿ, ಲಾಭನಷ್ಟಕ್ಕೆ ತಾನೂ ಬಾಧ್ಯವಾಗುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ: ಪರವಾನಗಿ ಪಡೆದು ತಯಾರಿಸುವುದು. ಮಿಗ್-21 ವಿಮಾನವನ್ನು ನಮ್ಮ ಸರ್ಕಾರಿ ವಿಮಾನ ಕಂಪನಿಯಾದ ಎಚ್‌ಎಎಲ್ ನಾಸಿಕದಲ್ಲಿ ದಶಕಗಳ ಕಾಲ ತಯಾರಿಸಿದ್ದು ಹೀಗೆ. ಅಲ್ಲಿ ಕಾರ್ಖಾನೆಯೂ ಕಾರ್ಮಿಕರೂ ನಮ್ಮವರು, ವಿನ್ಯಾಸ ಮಾತ್ರ ಸೋವಿಯತ್ ಒಕ್ಕೂಟದ್ದು. ಮೂರನ್ನೂ ಒಂದೇ ಉಸಿರಿನಲ್ಲಿ ‘ವಿದೇಶಿ’ ಎಂದು ಹೇಳಿಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಹೊರದೇಶದ ಕಂಪನಿ ಈಗ ಎಷ್ಟು ಪಾಲು ಹೊಂದಬಹುದು?

ಹೊಸ ಕೈಗಾರಿಕಾ ಪರವಾನಗಿ ಕೇಳುವ ಕಂಪನಿಯಲ್ಲಿ ಶೇ 74ರ ವರೆಗೆ ಸ್ವಯಂಚಾಲಿತ ಮಾರ್ಗದಲ್ಲಿ, ಅದಕ್ಕೂ ಮೇಲೆ ಶೇ 100ರ ವರೆಗೆ ಸರ್ಕಾರದ ಮುಂಗಡ ಅನುಮತಿ ಪಡೆದು. ಈ ನಿಯಮ 2020ರ ಸೆಪ್ಟೆಂಬರ್‌ನಲ್ಲಿ ಬಂದಿತು.

ಇಲ್ಲಿಗೆ ತಲುಪಲು ಸುಮಾರು 20 ವರ್ಷ ಹಿಡಿಯಿತು. 1956ರ ಕೈಗಾರಿಕಾ ನೀತಿಯು ಶಸ್ತ್ರಾಸ್ತ್ರ ತಯಾರಿಕೆಯನ್ನು ಸರ್ಕಾರಕ್ಕೇ ಮೀಸಲಿಟ್ಟಿತ್ತು. 1991ರ ಜುಲೈನಲ್ಲಿ ಉದಾರೀಕರಣ ಬಂದಾಗ ಬೇರೆ ಕ್ಷೇತ್ರಗಳ ಬೀಗ ತೆಗೆದರೂ ಈ ಬಾಗಿಲನ್ನು ಮುಟ್ಟಲಿಲ್ಲ. 2001ರಲ್ಲಿ ಖಾಸಗಿ ಕಂಪನಿಗಳಿಗೆ ಮೊದಲ ಬಾರಿಗೆ ಪ್ರವೇಶ ದೊರೆತು, ವಿದೇಶಿ ಪಾಲಿಗೆ ಶೇ 26ರ ಮಿತಿ ಹಾಕಲಾಯಿತು. 2014ರಲ್ಲಿ ಅದು ಶೇ 49ಕ್ಕೆ ಏರಿತು. 2015ರಲ್ಲಿ ಆ ಶೇ 49 ಸ್ವಯಂಚಾಲಿತ ಮಾರ್ಗಕ್ಕೆ ಬಂದಿತು. 2016ರಲ್ಲಿ ಅದಕ್ಕಿಂತ ಹೆಚ್ಚಿನ ಪಾಲಿಗೆ ಅನುಮತಿ ನೀಡುವ ಷರತ್ತು ಸಡಿಲವಾಯಿತು.

ಕೊಡಗಿನವರಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. 2015ರ ನವೆಂಬರ್‌ನಲ್ಲಿ ರಕ್ಷಣಾ ಉದ್ಯಮದ ನಿಯಮವನ್ನು ಬದಲಿಸಿದ ಅದೇ ಆದೇಶವು ಕಾಫಿ, ಏಲಕ್ಕಿ ಮತ್ತು ರಬ್ಬರ್ ತೋಟಗಳಲ್ಲಿ ಶೇ 100 ವಿದೇಶಿ ಹೂಡಿಕೆಗೂ ಅವಕಾಶ ನೀಡಿತು. ನಮ್ಮ ತೋಟಗಳ ಬಗ್ಗೆ ಆಗ ಕೇಳಿಬಂದ ಆತಂಕ ಎಲ್ಲರಿಗೂ ನೆನಪಿರಬಹುದು. ಅದೇ ಕಾಗದದಲ್ಲಿ ಫಿರಂಗಿಯ ವಿಷಯವೂ ಇತ್ತೆಂಬುದನ್ನು ಗಮನಿಸಿದವರು ಕಡಿಮೆ.

‘ಸ್ವಯಂಚಾಲಿತ’ ಎಂದರೆ ಯಾರ ಅನುಮತಿಯೂ ಬೇಡವೆಂದು ಅರ್ಥವೇ?

ಹಣ ತರುವುದಕ್ಕೆ ಪ್ರತ್ಯೇಕ ಅನುಮತಿ ಬೇಡವೆಂದಷ್ಟೇ ಅರ್ಥ. ಟ್ಯಾಂಕ್, ಯುದ್ಧವಿಮಾನ, ಮದ್ದುಗುಂಡು ಮುಂತಾದವನ್ನು ತಯಾರಿಸಲು ಪರವಾನಗಿ ಬೇಕೇ ಬೇಕು. ಅದನ್ನು ನೀಡುವ ಮೊದಲು ಗೃಹ ಮತ್ತು ರಕ್ಷಣಾ ಸಚಿವಾಲಯಗಳ ಪರಿಶೀಲನೆ ನಡೆಯುತ್ತದೆ. ರಾಷ್ಟ್ರೀಯ ಭದ್ರತೆಗೆ ಧಕ್ಕೆ ತರಬಹುದಾದ ಯಾವುದೇ ಹೂಡಿಕೆಯನ್ನು ಮರುಪರಿಶೀಲಿಸುವ ಅಧಿಕಾರವನ್ನು 2020ರ ನಿಯಮದಲ್ಲಿಯೇ ಸರ್ಕಾರ ಉಳಿಸಿಕೊಂಡಿದೆ. ಭಾರತದೊಡನೆ ಭೂಗಡಿ ಹಂಚಿಕೊಂಡಿರುವ ದೇಶಗಳ ಹೂಡಿಕೆಯ ಮೇಲೆ ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರತ್ಯೇಕ ನಿರ್ಬಂಧವೂ ಬಂದಿತು. ಆದ್ದರಿಂದ ‘ಬಾಗಿಲು ಹಾರುಹೊಡೆದಿದೆ’ ಎಂಬ ಮಾತಿಗೆ ಆಧಾರವಿಲ್ಲ.

ಮಿತಿ ಏರಿಸಿದಷ್ಟೂ ಹಣ ಹರಿದುಬಂದಿತೇ?

ಇಲ್ಲ. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೆಂದು ನನ್ನ ಎಣಿಕೆ. ದೂರಸಂಪರ್ಕ, ಸಾಫ್ಟ್‌ವೇರ್, ವಾಹನ ತಯಾರಿಕೆಗಳಿಗೆ ಬಂದ ವಿದೇಶಿ ಬಂಡವಾಳದ ಎದುರು ರಕ್ಷಣಾ ಉದ್ಯಮಕ್ಕೆ ಬಂದದ್ದು ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಶೇ 26 ಸಾಲದೆಂದು ಕಂಪನಿಗಳು ದೂರಿದವು, 49 ಮಾಡಲಾಯಿತು. ಆಡಳಿತದ ಹಿಡಿತ ಸಿಗುವುದಿಲ್ಲವೆಂದರು, 74 ಮಾಡಲಾಯಿತು. ಆದರೂ ಹೊಳೆ ಹರಿಯಲಿಲ್ಲ.

ಕಾರಣವನ್ನು ಕೊಡಗಿನ ಬೆಳೆಗಾರರಿಗೆ ವಿವರಿಸುವುದು ಬೇರೆಯವರಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ ಕಾಫಿಯ ಪೂಲ್ ಪದ್ಧತಿಯನ್ನು ಕಂಡವರು ಇಲ್ಲಿ ಇನ್ನೂ ಇದ್ದಾರೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಿ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮೊದಲ ಕಂತು ಕೈಗೆ ಬರುತ್ತಿತ್ತು, ಮುಂದಿನ ಕಂತುಗಳು ಯಾವಾಗ ಮತ್ತು ಎಷ್ಟು ಎಂಬುದು ಮಂಡಳಿಯ ಲೆಕ್ಕಾಚಾರಕ್ಕೆ ಬಿಟ್ಟದ್ದು, ಅಷ್ಟರಲ್ಲಿ ಮುಂದಿನ ಕೊಯ್ಲೇ ಬಂದಿರುತ್ತಿತ್ತು. ಕೊಳ್ಳುವವನು ಒಬ್ಬನೇ, ದರ ಗೊತ್ತುಮಾಡುವವನೂ ಅವನೇ, ಹಣ ಕೊಡುವ ದಿನವನ್ನು ನಿರ್ಧರಿಸುವವನೂ ಅವನೇ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರನು ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರಲು ಸ್ವತಂತ್ರನಾದನು.

ರಕ್ಷಣಾ ಉದ್ಯಮದಲ್ಲಿ ಆ ಪೂಲ್ ಇಂದಿಗೂ ಇದೆ, ಇರಲೇಬೇಕಾಗಿಯೂ ಇದೆ. ಫಿರಂಗಿಯನ್ನು ಸಂತೆಯಲ್ಲಿ ಮಾರಲಾಗದು. ಕೊಳ್ಳುವವರು ರಕ್ಷಣಾ ಸಚಿವಾಲಯದವರು ಮಾತ್ರ. ಸೈನ್ಯ ತನ್ನ ಅಗತ್ಯವನ್ನು ಬರೆದು, ಅದಕ್ಕೆ ಒಪ್ಪಿಗೆ ದೊರೆತು, ಟೆಂಡರ್ ಕರೆದು, ಮರುಭೂಮಿಯಲ್ಲಿಯೂ ಹಿಮದಲ್ಲಿಯೂ ಪರೀಕ್ಷೆ ನಡೆಸಿ, ದರದ ಮಾತುಕತೆ ಮುಗಿಸಿ ಸಹಿ ಹಾಕುವಷ್ಟರಲ್ಲಿ ವರ್ಷಗಳು ಉರುಳುತ್ತವೆ, ಎಷ್ಟೋ ಟೆಂಡರ್‌ಗಳು ಕೊನೆಯ ಹಂತದಲ್ಲಿ ರದ್ದಾಗುತ್ತವೆ. ತಯಾರಿಸಿದ್ದನ್ನು ಹೊರದೇಶಕ್ಕೆ ಮಾರಲೂ ಸರ್ಕಾರದ ಅನುಮತಿ ಬೇಕು. ಇಂಥಲ್ಲಿ ಕಾರ್ಖಾನೆ ಕಟ್ಟಿ, ಯಂತ್ರ ತರಿಸಿ, ಜನರಿಗೆ ಸಂಬಳ ಕೊಡುತ್ತಾ ಬೇಡಿಕೆಗಾಗಿ ಕಾಯುವ ಕಂಪನಿಗೆ ತನ್ನ ಪಾಲು 49 ಆಗಿದ್ದರೇನು, 74 ಆಗಿದ್ದರೇನು? ಅದಕ್ಕೆ ಬೇಕಾದದ್ದು ಮುಂದಿನ 10 ವರ್ಷ ಎಷ್ಟು ಕೊಳ್ಳುತ್ತೀರಿ ಎಂಬುದಕ್ಕೆ ಖಚಿತವಾದ ಉತ್ತರ. ಪಾಲಿನ ಮಿತಿಯ ಬಗ್ಗೆ ನಡೆದಷ್ಟು ಚರ್ಚೆ ಈ ಉತ್ತರದ ಬಗ್ಗೆ ನಡೆಯಲಿಲ್ಲವೆಂಬುದು ನನ್ನ ದೂರು.

ಹಾಗಾದರೆ ಯಶಸ್ವಿಯಾದ ಉದಾಹರಣೆಯೇ ಇಲ್ಲವೇ?

ಇದೆ, ಅವು ಮೇಲಿನ ಮಾತಿಗೇ ಪುಷ್ಟಿ ಕೊಡುತ್ತವೆ. ಬ್ರಹ್ಮೋಸ್ ಕ್ಷಿಪಣಿಯನ್ನು ತಯಾರಿಸುವ ಸಂಸ್ಥೆ ಭಾರತ ಮತ್ತು ರಷ್ಯಾ ನಡುವೆ 1998ರಲ್ಲಿ ಆದ ಒಪ್ಪಂದದಿಂದ ಹುಟ್ಟಿತು. ಅದರಲ್ಲಿ ಭಾರತದ ಪಾಲು ಶೇ 50.5, ರಷ್ಯಾದ್ದು ಶೇ 49.5. ಖಾಸಗಿಯವರಿಗಾಗಲಿ ವಿದೇಶಿಯರಿಗಾಗಲಿ ಈ ಕ್ಷೇತ್ರ ಇನ್ನೂ ತೆರೆದಿರದ ಕಾಲವದು! ಎರಡೂ ಸರ್ಕಾರಗಳು ಹಣ ಹಾಕಿದವು, ಎರಡೂ ಕಡೆಯ ವಿಜ್ಞಾನಿಗಳು ವಿನ್ಯಾಸದಲ್ಲಿ ಸೇರಿದರು, ನಮ್ಮ ಮೂರೂ ಸೇನೆಗಳು ಕೊಂಡವು. 2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸುಮಾರು 37.5 ಕೋಟಿ ಡಾಲರ್ ಮೊತ್ತಕ್ಕೆ ಅದನ್ನು ಕೊಳ್ಳಲು ಸಹಿ ಹಾಕಿತು.

ಇನ್ನೊಂದು, ಸಿ-295 ಸಾಗಣೆ ವಿಮಾನ. 2021ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ 56 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. 16 ಸ್ಪೇನಿನಿಂದ ಸಿದ್ಧವಾಗಿ ಬರುವುದು, ಉಳಿದ 40 ಏರ್‌ಬಸ್ ಮತ್ತು ಟಾಟಾ ಸೇರಿ ವಡೋದರಾದಲ್ಲಿ ತಯಾರಿಸುವುದು. ಪೊಲಿಬೆಟ್ಟದ ತೋಟಗಳಿಂದ ನಮಗೆ ಪರಿಚಿತವಾದ ಟಾಟಾ ಸಮೂಹವೇ ಇಲ್ಲಿ ವಿಮಾನದ ಜೋಡಣೆಗೆ ಇಳಿದಿದೆ. ಮೊದಲು ಬೇಡಿಕೆಯ ಸಂಖ್ಯೆ ಖಚಿತವಾಯಿತು, ಆಮೇಲೆ ಕಾರ್ಖಾನೆ ಎದ್ದಿತು, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯೂ ಆಯಿತು.

ಶೇ 100 ವಿದೇಶಿ ಒಡೆತನಕ್ಕೆ ಅನುಮತಿ ಪಡೆದ ಮೊದಲ ಕಂಪನಿ ಸ್ವೀಡನ್ನಿನ ಸಾಬ್. ಹೆಗಲ ಮೇಲಿಟ್ಟು ಹಾರಿಸುವ ಕಾರ್ಲ್ ಗುಸ್ತಾಫ್ ಅಸ್ತ್ರವನ್ನು ಅದು ಹರಿಯಾಣದ ಝಜ್ಜರ್‌ನಲ್ಲಿ ತಯಾರಿಸಲು ಮುಂದಾಗಿದೆ. ಆ ಅಸ್ತ್ರ ನಮ್ಮ ಸೈನ್ಯದ ಬಳಕೆಯಲ್ಲಿ ಹಲವು ದಶಕಗಳಿಂದ ಇದೆ, ಅಂದರೆ ಗಿರಾಕಿ ಯಾರೆಂದು ಕಂಪನಿಗೆ ಮೊದಲೇ ಗೊತ್ತು.

ಬಂಡವಾಳ ಬಂದರೆ ತಂತ್ರಜ್ಞಾನವೂ ಬರುತ್ತದೆಯಲ್ಲವೇ?

ತಾನಾಗಿ ಬರುವುದಿಲ್ಲ. ವಿನ್ಯಾಸದ ಕಾಗದಗಳು ಬಂದರೂ ವಿದ್ಯೆ ಬಂದಂತಲ್ಲ. 1986ರಲ್ಲಿ ಬೋಫೋರ್ಸ್ ಫಿರಂಗಿಗಳನ್ನು ಕೊಂಡಾಗ ಅವನ್ನು ಇಲ್ಲಿಯೇ ತಯಾರಿಸಲು ಬೇಕಾದ ನಕ್ಷೆಗಳೂ ಒಪ್ಪಂದದ ಭಾಗವಾಗಿ ಬಂದಿದ್ದವು. ಲಂಚದ ಹಗರಣದ ಗದ್ದಲದಲ್ಲಿ ಆ ನಕ್ಷೆಗಳು ದಶಕಗಳ ಕಾಲ ಮೂಲೆಗುಂಪಾದವು. ಕೊನೆಗೆ ಅವುಗಳ ಆಧಾರದ ಮೇಲೆಯೇ, ನಳಿಗೆಯನ್ನು 39ರಿಂದ 45 ಕ್ಯಾಲಿಬರ್‌ಗೆ (ನಳಿಗೆಯ ಒಳವ್ಯಾಸದ ಅಷ್ಟು ಪಟ್ಟು) ಉದ್ದವಾಗಿಸಿ ಜಬಲ್‌ಪುರದಲ್ಲಿ ಧನುಷ್ ಫಿರಂಗಿ ತಯಾರಾಯಿತು, ಮೊದಲ ಆರು ಫಿರಂಗಿಗಳು ಸೈನ್ಯದ ಕೈಸೇರಿದ್ದು 2019ರಲ್ಲಿ. ಕಾಗದ ಬಂದು 30 ವರ್ಷ ಕಳೆದಿತ್ತು. ಇದರಲ್ಲಿ ವಿದೇಶಿ ಕಂಪನಿಯ ತಪ್ಪಿಗಿಂತ ನಮ್ಮ ಆಲಸ್ಯವೇ ದೊಡ್ಡದು.

ಎಂಜಿನ್ನಿನ ಕಥೆ ಇನ್ನೂ ಹಳೆಯದು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲು ಹಾರಿತು. ವಿಮಾನದ ಒಡಲು ಒಳ್ಳೆಯದಿತ್ತು, ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲಿಲ್ಲ. ಹೊರಗಿನಿಂದ ಸಿಕ್ಕ ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ತೃಪ್ತಿಪಡಬೇಕಾಗಿ, ಶಬ್ದದ ವೇಗವನ್ನು ಮೀರಬೇಕೆಂದು ರೂಪಿಸಿದ ವಿಮಾನ ಅದನ್ನು ಮೀರಲಾಗದೆ 147ರ ಸಂಖ್ಯೆಗೇ ನಿಂತಿತು. 60 ವರ್ಷಗಳ ನಂತರವೂ ಅದೇ ಗಂಟು ಬಿಚ್ಚಿಲ್ಲ. 2021ರ ಫೆಬ್ರವರಿಯಲ್ಲಿ ಎಚ್‌ಎಎಲ್ ತಯಾರಿಸುವ ದೇಶೀಯ ಯುದ್ಧವಿಮಾನ ತೇಜಸ್ ಮಾರ್ಕ್-1ಎಯ 83 ವಿಮಾನಗಳಿಗೆ ಒಪ್ಪಂದವಾಯಿತು, ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ 99 ಎಂಜಿನ್‌ಗಳ ಬೇಡಿಕೆ ಹೋಯಿತು. ಮೊದಲ ಎಂಜಿನ್ ತಲುಪಿದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ನಿಗಾಗಿ ಕಾಯುವ ಕಾರ್ಖಾನೆಗೆ ಬಂಡವಾಳದ ಕೊರತೆಯೇನೂ ಇರಲಿಲ್ಲ. ಬಿಸಿ ಅನಿಲದ ನಡುವೆ ತಿರುಗುವ ಎಂಜಿನ್ನಿನ ರೆಕ್ಕೆಗಳನ್ನು ಒಂದೇ ಹರಳಿನ ಲೋಹದಲ್ಲಿ ಎರಕ ಹೊಯ್ಯುವಂಥ ವಿದ್ಯೆಯನ್ನು ಯಾವ ದೇಶವೂ ಸುಲಭಕ್ಕೆ ಬಿಟ್ಟುಕೊಡದು, ಕಂಪನಿಗೆ ಮನಸ್ಸಿದ್ದರೂ ಅದರ ಸರ್ಕಾರ ರಫ್ತಿನ ಅನುಮತಿ ಕೊಡಬೇಕು.

ಆದ್ದರಿಂದ ವಿದೇಶಿ ಹೂಡಿಕೆಯ ಸುದ್ದಿ ಓದುವಾಗ ಶೇಕಡಾವಾರು ಪಾಲಿಗಿಂತ ಮೊದಲು ನೋಡಬೇಕಾದದ್ದು ಬೇರೆ ಇದೆ: ವಿನ್ಯಾಸದ ಹಕ್ಕು ಯಾರದು, ಅದನ್ನು ಬದಲಿಸುವ ಸ್ವಾತಂತ್ರ್ಯ ಇದೆಯೇ, ಮೂರನೆಯ ದೇಶಕ್ಕೆ ಮಾರಲು ಯಾರನ್ನು ಕೇಳಬೇಕು.

ಆಫ್‌ಸೆಟ್ ಎಂದರೇನು? ಅದರಿಂದ ಏನು ಸಿಕ್ಕಿತು?

ಹೊರದೇಶದ ಕಂಪನಿಯಿಂದ ದೊಡ್ಡ ಮೊತ್ತದ ಖರೀದಿ ಮಾಡಿದಾಗ, ಆ ಮೊತ್ತದ ಒಂದು ಭಾಗವನ್ನು ಅದು ಭಾರತದಲ್ಲಿ ಖರೀದಿ, ಹೂಡಿಕೆ ಅಥವಾ ತಂತ್ರಜ್ಞಾನದ ರೂಪದಲ್ಲಿ ಹಿಂತೊಡಗಿಸಬೇಕೆಂಬ ಷರತ್ತು. 2005ರಲ್ಲಿ ಆರಂಭವಾದಾಗ 300 ಕೋಟಿ ರೂಪಾಯಿಗೆ ಮೇಲ್ಪಟ್ಟ ಖರೀದಿಗೆ ಕನಿಷ್ಠ ಶೇ 30 ಎಂದಿತ್ತು. 2016ರಲ್ಲಿ ಮಿತಿಯನ್ನು 2,000 ಕೋಟಿಗೆ ಏರಿಸಲಾಯಿತು. ರಫೇಲ್ ಒಪ್ಪಂದದಲ್ಲಿ ಈ ಪಾಲು ಶೇ 50.

ಫಲ ನಿರಾಶಾದಾಯಕ. ಸರ್ಕಾರದ ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಸಿಎಜಿ 2020ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯ ಪ್ರಕಾರ 2018ರ ಡಿಸೆಂಬರ್ ವೇಳೆಗೆ 19,223 ಕೋಟಿ ರೂಪಾಯಿಯಷ್ಟು ಬಾಧ್ಯತೆ ಈಡೇರಬೇಕಿತ್ತು, ಈಡೇರಿಸಿದ್ದೇವೆಂದು ಕಂಪನಿಗಳು ಹೇಳಿಕೊಂಡದ್ದೇ 11,396 ಕೋಟಿ. ಅದರಲ್ಲೂ ಹೆಚ್ಚಿನ ಭಾಗ ಬಿಡಿಭಾಗಗಳ ಖರೀದಿ. ಉನ್ನತ ತಂತ್ರಜ್ಞಾನ ಬಂದದ್ದು ಕಾಣಲಿಲ್ಲ. 2020ರ ಹೊಸ ಖರೀದಿ ನಿಯಮಾವಳಿಯು ಸರ್ಕಾರಗಳ ನಡುವಿನ ನೇರ ಒಪ್ಪಂದಗಳಿಗೆ ಆಫ್‌ಸೆಟ್ ಷರತ್ತನ್ನು ಕೈಬಿಟ್ಟಿತು. ಹೊರಗಿನ ಕಂಪನಿ ಈ ಹೊರೆಯನ್ನು ಮೊದಲೇ ದರಕ್ಕೆ ಸೇರಿಸಿಬಿಡುತ್ತದೆಂಬ ವಾದದಲ್ಲಿ ಹುರುಳಿದೆ. ಆದರೂ ಬೆಂಗಳೂರು, ಹೈದರಾಬಾದ್, ಬೆಳಗಾವಿಗಳ ಬಿಡಿಭಾಗ ತಯಾರಕರಿಗೆ ಬೋಯಿಂಗ್, ಏರ್‌ಬಸ್‌ಗಳ ಪರಿಚಯ ಬೆಳೆದದ್ದರಲ್ಲಿ ಆಫ್‌ಸೆಟ್‌ಗೂ ಪಾಲಿದೆ ಎಂಬುದನ್ನು ಮರೆಯಲಾಗದು.

ಯುದ್ಧದ ಹೊತ್ತಿನಲ್ಲಿ ಹೊರದೇಶದ ಒಡೆಯರು ಕೈಕೊಟ್ಟರೆ?

ಕೊಡಗಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ಯಾರೂ ಕೇಳುವುದಿಲ್ಲ. 1965ರ ಯುದ್ಧದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯನವರು ಫ್ರೆಂಚ್ ನಿರ್ಮಿತ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತಮ್ಮದಕ್ಕಿಂತ ಬಹಳ ಮುಂದಿದ್ದ, ಪಾಕಿಸ್ತಾನದ ಕೈಯಲ್ಲಿದ್ದ ಅಮೆರಿಕ ನಿರ್ಮಿತ ಎಫ್-104 ವಿಮಾನವನ್ನು ಪಾಕಿಸ್ತಾನದ ಸರಗೋಧಾದ ಬಳಿ ಎದುರಿಸಿ ಮರಳಿ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಎರಡೂ ಪಕ್ಷಗಳು ಹಾರಿಸಿದ್ದು ಪರದೇಶದ ವಿಮಾನಗಳನ್ನೇ. ಆ ಯುದ್ಧದ ಹೊತ್ತಿಗೆ ಅಮೆರಿಕ ಮತ್ತು ಬ್ರಿಟನ್‌ಗಳು ಭಾರತ, ಪಾಕಿಸ್ತಾನ ಎರಡಕ್ಕೂ ಆಯುಧ ಪೂರೈಕೆಯನ್ನು ತಡೆಹಿಡಿದವು. 1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಅಣು ಪರೀಕ್ಷೆ ನಡೆದ ಮೇಲೆ, ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಲಾಯಿತು. ಉಳಿದ ಕೆಲಸವನ್ನು ಅವರು ಬೆಂಗಳೂರಿನಲ್ಲಿ ಮುಗಿಸಿದರು.

ಇದರಿಂದ ಹೊರಡುವ ತೀರ್ಮಾನ ಹಲವರು ಊಹಿಸುವುದಕ್ಕೆ ವಿರುದ್ಧವಾದದ್ದು. ಕೈಕೊಡುವ ಅಪಾಯ ಖರೀದಿಯಲ್ಲಿ ಅತಿ ಹೆಚ್ಚು, ಇಲ್ಲಿನ ನೆಲದಲ್ಲಿ ನಿಂತ ಕಾರ್ಖಾನೆಯಲ್ಲಿ ಕಡಿಮೆ. ಯಂತ್ರಗಳು, ಕೆಲಸ ಬಲ್ಲ ಕೈಗಳು, ದಾಸ್ತಾನು ಎಲ್ಲವೂ ಭಾರತದ ಕಾನೂನಿನ ವ್ಯಾಪ್ತಿಯಲ್ಲೇ ಇರುತ್ತವೆ. ಆದರೆ ಅಂಥ ಕಾರ್ಖಾನೆಯೂ ಮುಖ್ಯ ಬಿಡಿಭಾಗವೊಂದನ್ನು ತಾಯಿ ಕಂಪನಿಯಿಂದಲೇ ತರಿಸಿ ಬರೀ ಜೋಡಣೆ ಮಾಡುತ್ತಿದ್ದರೆ ಅಪಾಯ ಹಾಗೆಯೇ ಉಳಿಯುತ್ತದೆ.

ಸರ್ಕಾರಿ ಕಾರ್ಖಾನೆಗಳ ಗತಿ ಏನಾಯಿತು?

ಸರ್ಕಾರದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ವಿಸರ್ಜಿಸಿ ಅದರ 41 ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳಿಗೆ ಹಂಚಲಾಯಿತು. ಒಡೆತನ ಸರ್ಕಾರದ್ದೇ. ನೌಕರರ ಸಂಘಗಳು ಇದನ್ನು ಖಾಸಗೀಕರಣದ ಮೊದಲ ಮೆಟ್ಟಿಲೆಂದು ವಿರೋಧಿಸಿದವು. ಆ ವರ್ಷವೇ ಅಗತ್ಯ ರಕ್ಷಣಾ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸಬಲ್ಲ ಕಾಯ್ದೆ ಬಂದದ್ದು ಅವರ ಸಂಶಯವನ್ನು ಕಡಿಮೆ ಮಾಡಲಿಲ್ಲ. ಸಾರ್ವಜನಿಕ ವಲಯದ ಪ್ರಾಬಲ್ಯವಂತೂ ಕುಗ್ಗಿಲ್ಲ: 2024-25ರಲ್ಲಿ ದೇಶದ ರಕ್ಷಣಾ ಉತ್ಪಾದನೆ ಸುಮಾರು 1.5 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ಖಾಸಗಿಯವರ ಪಾಲು ಶೇ 23 ಮಾತ್ರ.

ಇಲ್ಲಿ ಒಂದು ಮಾತು ಸೇರಿಸಬೇಕು. ಎಚ್‌ಎಎಲ್ ಹುಟ್ಟಿದ್ದು ಸರ್ಕಾರಿ ಕಂಪನಿಯಾಗಿ ಅಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಅದನ್ನು ಬೆಂಗಳೂರಿನಲ್ಲಿ ಕಟ್ಟಿದರು, ಅಮೆರಿಕದ ತಜ್ಞರು ಬಂದರು, ಯುದ್ಧದ ಕಾರಣಕ್ಕೆ ಸರ್ಕಾರ ನಂತರ ಅದನ್ನು ಕೈಗೆತ್ತಿಕೊಂಡಿತು. ಖಾಸಗಿ ಹಣ, ಸಂಸ್ಥಾನದ ಜಮೀನು, ಹೊರಗಿನ ವಿದ್ಯೆ ಎಂಬ ಕೂಡುವಿಕೆ ಕರ್ನಾಟಕಕ್ಕೆ ಹೊಸದಲ್ಲ.

ರಫ್ತು ಹೆಚ್ಚಾಗಿದೆ ಎನ್ನುತ್ತಾರೆ, ನಿಜವೇ?

ನಿಜ. 2013-14ರಲ್ಲಿ 686 ಕೋಟಿ ರೂಪಾಯಿ ಇದ್ದದ್ದು 2024-25ರಲ್ಲಿ 23,622 ಕೋಟಿಗೆ ಏರಿತು, ಅದರಲ್ಲಿ 15,233 ಕೋಟಿ ಖಾಸಗಿಯವರದು. ಬಿಡಿಭಾಗಗಳ ಪಾಲು ಇದರಲ್ಲಿ ದೊಡ್ಡದು. ಇನ್ನೊಂದು ಮುಖವನ್ನೂ ನೋಡಬೇಕು: 2020ರಿಂದ 2024ರ ವರೆಗಿನ ಅವಧಿಯಲ್ಲಿ ಭಾರತವು ಉಕ್ರೇನ್‌ನ ನಂತರ ಜಗತ್ತಿನ ಎರಡನೆಯ ಅತಿ ದೊಡ್ಡ ಆಯುಧ ಆಮದುದಾರ ದೇಶವಾಗಿತ್ತು.

ಕೊಡಗಿಗೆ ರಕ್ಷಣಾ ಕಾರ್ಖಾನೆ ಬರಬಹುದೇ?

ದೊಡ್ಡ ಕಾರ್ಖಾನೆ ಬರಲಾರದು, ಬರಬೇಕೆಂದು ಒತ್ತಾಯಿಸುವುದೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಜಿಲ್ಲೆಗೆ ರೈಲಿಲ್ಲ. ಸಮತಟ್ಟಾದ ಜಾಗವೆಂದರೆ ಗದ್ದೆ. ಉಳಿದದ್ದು ತೋಟ, ಕಾಡು, ಆನೆಗಳ ದಾರಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೆ ಇಳಿಜಾರನ್ನು ಕಡಿದು ಮಟ್ಟ ಮಾಡುವ ಮಾತನ್ನು ಯಾರೂ ಸಲೀಸಾಗಿ ಆಡಲಾರರು. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 615 ಎಕರೆ ಬೇಕಾಯಿತು. ದೇವನಹಳ್ಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆಂದು 1,777 ಎಕರೆ ಭೂಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿ, 2025ರ ಜುಲೈನಲ್ಲಿ ಸರ್ಕಾರ ಆ ಪ್ರಸ್ತಾವವನ್ನು ಕೈಬಿಡುವಂತೆ ಮಾಡಿದರು. ಆರ್ಥಿಕ ಸುಧಾರಣೆಯ ಚರ್ಚೆಯಲ್ಲಿ ಬಂಡವಾಳಕ್ಕೆ ಸಿಗುವ ಜಾಗ ಜಮೀನಿಗೆ ಸಿಗುವುದಿಲ್ಲ.

ಸಣ್ಣ ಘಟಕಗಳ ಮಾತು ಬೇರೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಈಗ ಹೆಚ್ಚಾಗಿ ಇರುವುದು ಕಾಫಿ ಕ್ಯೂರಿಂಗ್ ಘಟಕಗಳು. ಅಲ್ಲಿಂದ ಮೈಸೂರಿಗೆ ಒಳ್ಳೆಯ ರಸ್ತೆಯಿದೆ, ಮೈಸೂರಿನಲ್ಲಿ ಭಾರಿ ಯಂತ್ರ, ವಾಹನಗಳನ್ನು ತಯಾರಿಸುವ ಬಿಇಎಂಎಲ್ ಕಾರ್ಖಾನೆ ಇದೆ. ಲೇತ್, ಮಿಲ್ಲಿಂಗ್, ತಂತಿಗಳ ಜೋಡಣೆಯಂಥ ಕೆಲಸ ಇಲ್ಲಿ ಅಸಾಧ್ಯವಲ್ಲ.

ಆದರೆ ಆ ಕೆಲಸದ ಶಿಸ್ತು ಎಂಥದೆಂದು ಮೊದಲೇ ತಿಳಿದಿರಬೇಕು. ವಿಮಾನದ ಬಿಡಿಭಾಗ ತಯಾರಿಸುವ ಘಟಕದಲ್ಲಿ ಅಲ್ಯೂಮಿನಿಯಂ ಗಟ್ಟಿಯೊಂದು ಒಳಗೆ ಬಂದರೆ ಅದರೊಡನೆ ಅದು ಯಾವ ಎರಕದಿಂದ ಬಂದಿತೆಂಬ ಪ್ರಮಾಣಪತ್ರ ಬರುತ್ತದೆ, ಗಟ್ಟಿಯ ಮೇಲೂ ಆ ಸಂಖ್ಯೆ ಇರುತ್ತದೆ. ಅದನ್ನು ತುಂಡು ಮಾಡಿದರೆ ಪ್ರತಿ ತುಂಡಿಗೂ ಸಂಖ್ಯೆಯನ್ನು ವರ್ಗಾಯಿಸಬೇಕು. ಯಾವ ಯಂತ್ರದ ಮೇಲೆ ಯಾರು ಕಡೆದರು, ಯಾವ ಉಪಕರಣದಿಂದ ಅಳೆದರು, ಆ ಉಪಕರಣವನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಲಾಗಿತ್ತು ಎಂಬುದೆಲ್ಲ ಚೀಟಿಯಲ್ಲಿ ದಾಖಲಾಗಬೇಕು. ಸಂಖ್ಯೆ ಅಳಿಸಿಹೋದ ತುಂಡು ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದಿದ್ದರೂ ಗುಜರಿಗೆ ಹೋಗುತ್ತದೆ. ಪ್ರಮಾಣೀಕರಣಕ್ಕೇ ಒಂದೆರಡು ವರ್ಷ ಹಿಡಿಯಬಹುದು, ಮೊದಲ ಬೇಡಿಕೆ ಬರಲು ಇನ್ನೂ ಒಂದಷ್ಟು ಕಾಲ. ಬ್ಯಾಂಕಿನ ಬಡ್ಡಿ ಮಾತ್ರ ಕಾಯುವುದಿಲ್ಲ.

ನಮ್ಮ ಮಕ್ಕಳಿಗೂ ಮಾಜಿ ಸೈನಿಕರಿಗೂ ಇದರಲ್ಲಿ ಯಾವ ಅವಕಾಶವಿದೆ?

ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರು ಬರೀ ಸಾಫ್ಟ್‌ವೇರ್ ಕಡೆ ನೋಡುವುದನ್ನು ಬಿಟ್ಟು ಗುಣಮಟ್ಟ ಪರೀಕ್ಷೆ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ, ಲೋಹಶಾಸ್ತ್ರ, ಎಲೆಕ್ಟ್ರಾನಿಕ್ಸ್ ಪರೀಕ್ಷಣೆಗಳತ್ತಲೂ ಗಮನ ಕೊಡಬಹುದು. ಐಟಿಐ ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಈ ಉದ್ಯಮದಲ್ಲಿರುವ ಬೇಡಿಕೆಯನ್ನು ನಮ್ಮಲ್ಲಿ ಹಲವರು ಕಡೆಗಣಿಸುತ್ತಾರೆ.

ಮಾಜಿ ಸೈನಿಕರ ವಿಷಯದಲ್ಲಿ ಇನ್ನೂ ಹೆಚ್ಚು ಹೇಳಬೇಕಿದೆ. ವಾಯುಪಡೆಯ ವಿಮಾನ ತಂತ್ರಜ್ಞ, ಸೈನ್ಯದಲ್ಲಿ ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದ ಹವಾಲ್ದಾರ, ನೌಕಾಪಡೆಯ ಎಂಜಿನ್ ಕೋಣೆಯಲ್ಲಿ ದುಡಿದವರು ಆಯುಧವನ್ನು ಬಳಸಿ, ಕೆಟ್ಟಾಗ ಬಿಚ್ಚಿ, ಸರಿಪಡಿಸಿ ಬಲ್ಲವರು. ಸಿಯಾಚಿನ್ನಿನ ಚಳಿಯಲ್ಲಿ ಯಾವ ತಿರುಪು ಕೈಗವಸು ತೊಟ್ಟ ಬೆರಳಿಗೆ ಸಿಗುವುದಿಲ್ಲವೆಂಬುದು ಅವರಿಗೆ ಗೊತ್ತು, ವಿನ್ಯಾಸಕಾರನಿಗೆ ಗೊತ್ತಿಲ್ಲದಿರಬಹುದು. 2018ರಲ್ಲಿ ಆರಂಭವಾದ ಐಡೆಕ್ಸ್ ಯೋಜನೆ ಸಣ್ಣ ಕಂಪನಿಗಳಿಗೂ ಒಂಟಿ ಆವಿಷ್ಕಾರಕರಿಗೂ ರಕ್ಷಣಾ ಸಮಸ್ಯೆಗಳನ್ನು ಬಿಡಿಸಲು ಅನುದಾನ ನೀಡುತ್ತದೆ. ಇಂಥ ಅನುಭವಿಗಳನ್ನು ಹುಡುಕಿ ಸೇರಿಸಿಕೊಳ್ಳುವ ಯುವ ಉದ್ಯಮಿಗಳಿಗೆ ಕೊಡಗಿನಷ್ಟು ಅನುಕೂಲದ ಜಿಲ್ಲೆ ಇನ್ನೊಂದು ಸಿಗಲಾರದು. ನಿವೃತ್ತರನ್ನು ಭದ್ರತಾ ಸಿಬ್ಬಂದಿಯ ಕೆಲಸಕ್ಕಷ್ಟೇ ಕರೆಯುವ ನಮ್ಮ ಅಭ್ಯಾಸ ನನಗೆ ಬೇಸರದ ಸಂಗತಿ.

ಪಿಂಚಣಿಗೆ ಹೋಗುವ ಹಣದಿಂದಾಗಿ ಹೊಸ ಆಯುಧಕ್ಕೆ ಹಣವಿಲ್ಲ ಎನ್ನುವುದು ಸರಿಯೇ?

2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಪಿಂಚಣಿಗೆ ಸುಮಾರು 1.61 ಲಕ್ಷ ಕೋಟಿ, ಆಯುಧ ಖರೀದಿ ಮೊದಲಾದ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಆಧುನೀಕರಣಕ್ಕೆಂದು ಮೀಸಲಾದ ಮೊತ್ತದಲ್ಲಿ ಶೇ 75ನ್ನು, ಅಂದರೆ 1.11 ಲಕ್ಷ ಕೋಟಿಗೂ ಹೆಚ್ಚನ್ನು, ದೇಶೀಯ ಉದ್ಯಮದಿಂದಲೇ ಕೊಳ್ಳಬೇಕೆಂದು ಗೊತ್ತುಮಾಡಲಾಗಿದೆ. ಪಿಂಚಣಿಯ ಹೊರೆ ದೊಡ್ಡದೆಂಬುದು ನಿಜ. ಆದರೆ ಬಂಡವಾಳ ವೆಚ್ಚಕ್ಕೆ ಕೊಟ್ಟ ಹಣವೇ ಖರ್ಚಾಗದೆ ಹಿಂದಕ್ಕೆ ಹೋದ ವರ್ಷಗಳೂ ಇವೆ. ಅದಕ್ಕೆ ಪಿಂಚಣಿದಾರರನ್ನು ದೂರುವುದು ನ್ಯಾಯವಲ್ಲ.

ಕೊಡಗಿನ ಕೋವಿ ವಿನಾಯಿತಿಗೂ ಇದಕ್ಕೂ ಸಂಬಂಧವಿದೆಯೇ?

ಯಾವ ಸಂಬಂಧವೂ ಇಲ್ಲ. ಕೊಡವರಿಗೂ ಜಮ್ಮಾ (ಇಲ್ಲಿನ ವಂಶಪಾರಂಪರ್ಯ ಭೂ ಹಿಡುವಳಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಅದನ್ನು 2029ರ ವರೆಗೆ ವಿಸ್ತರಿಸಲಾಗಿದೆ. ಕೋವಿಯನ್ನು ತಯಾರಿಸಲು ಇಲ್ಲಿಯೂ ಎಲ್ಲರಂತೆ ಪರವಾನಗಿ ಬೇಕು.

‘ಇಷ್ಟು ಸಾವಿರ ಕೋಟಿ ಹೂಡಿಕೆ’ ಎಂಬ ಸುದ್ದಿ ಬಂದಾಗ ಅದನ್ನು ಹೇಗೆ ಅಳೆಯುವುದು?

ಬೆಂಗಳೂರಿನ ಏರೋ ಇಂಡಿಯಾ ಪ್ರದರ್ಶನ ನಡೆದಾಗಲೆಲ್ಲ ಇಂಥ ಸುದ್ದಿಗಳ ಸುರಿಮಳೆಯಾಗುತ್ತದೆ. ಮೊದಲು, ಸಹಿ ಬಿದ್ದದ್ದು ತಿಳಿವಳಿಕೆ ಪತ್ರಕ್ಕೋ ಖರೀದಿ ಒಪ್ಪಂದಕ್ಕೋ ಎಂದು ನೋಡಿ. ತಿಳಿವಳಿಕೆ ಪತ್ರದಿಂದ ಯಾರಿಗೂ ಯಾವ ಬಾಧ್ಯತೆಯೂ ಇಲ್ಲ, ಅದು ಅನೇಕ ಬಾರಿ ಮೂಗಿಗೆ ತುಪ್ಪ ಸವರುವ ಕೆಲಸವಷ್ಟೇ. ಒಪ್ಪಂದವೇ ಆಗಿದ್ದರೆ ಎಷ್ಟು ಸಂಖ್ಯೆ ಮತ್ತು ಎಷ್ಟು ವರ್ಷಗಳಲ್ಲಿ ಎಂಬುದನ್ನು ಹುಡುಕಿ. ಆಮೇಲೆ, ದೇಶೀಯ ಅಂಶ ಎಷ್ಟೆಂದು ಹೇಳಿದ್ದರೆ ಅದು ಮೌಲ್ಯದ ಲೆಕ್ಕವೋ ಬಿಡಿಭಾಗಗಳ ಎಣಿಕೆಯೋ ಎಂದು ವಿಚಾರಿಸಿ. 100 ಬಿಡಿಭಾಗಗಳಲ್ಲಿ 90 ಇಲ್ಲಿಯವೆಂದು ಹೇಳಿ, ಬೆಲೆಯ ಅರ್ಧಭಾಗವನ್ನು ಹೊತ್ತ ಎಂಜಿನ್ನನ್ನು ಉಳಿದ ಹತ್ತರಲ್ಲಿ ಅಡಗಿಸುವುದು ಕಷ್ಟವಲ್ಲ. ಕಾರ್ಖಾನೆಗೆ ಜಮೀನು ಗುರುತಾಗಿದೆಯೇ, ಪರವಾನಗಿ ಕೈಸೇರಿದೆಯೇ ಎಂಬುದು ಕೊನೆಯ ಪ್ರಶ್ನೆ. ಈ ನಾಲ್ಕಕ್ಕೂ ಸುದ್ದಿಯಲ್ಲಿ ಉತ್ತರವಿಲ್ಲದಿದ್ದರೆ ಮುಂದಿನ ಏರೋ ಇಂಡಿಯಾದವರೆಗೆ ಆ ಅಂಕಿಯನ್ನು ನಂಬಬೇಕಾಗಿಲ್ಲ.